ನಿಮಗಿದು ಗೊತ್ತೆ? ಗಗನಸಖಿಯರ ಪಾದರಕ್ಷೆ

2008ರಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹಾರುವ ವಿಮಾನಗಳಲ್ಲಿ ತಾಸುಗಟ್ಟಲೆ ನಿಂತು ನಡೆದು ಪ್ರಯಾಣಿಕರನ್ನು ಉಪಚರಿಸುವ ಗಗನಸಖಿಯರಿಗೆ, ಎತ್ತರದ ಹಿಮ್ಮಡಿಯ ಪಾದರಕ್ಷೆಯೇ ಶೋಭೆಯೆಂಬ ರೂಢಿ ವಿಮಾನಯಾನದಲ್ಲಿ ಬಹುಕಾಲದಿಂದ ಬೇರೂರಿದೆ. ದೇಹಭಾರವನ್ನು ಮುಂಗಾಲಿನ ಮೇಲೆ ಹೊರಿಸಿ, ಬೆರಳುಗಳನ್ನು ಇರುಕಿಸಿ, ದೀರ್ಘಾಭ್ಯಾಸದಿಂದ ಮೀನಖಂಡದ ಸ್ನಾಯುವನ್ನೇ ಮೊಟಕುಗೊಳಿಸಬಲ್ಲ ಈ ಅಲಂಕಾರವನ್ನು, ಅದೇ ಕಾರ್ಯವನ್ನೆಸಗುವ ಪುರುಷರಿಂದ ಯಾರೂ ಅಪೇಕ್ಷಿಸರೆಂಬುದು ನಿಶ್ಚಯವಾಗಿಯೂ ಅನ್ಯಾಯ. 2022ರ ಆಗಸ್ಟ್‌ನಲ್ಲಿ ಹಾರಾಟವನ್ನಾರಂಭಿಸಿ ಅದೇ ತಿಂಗಳು ಬೆಂಗಳೂರಿಗೂ ಬಂದ ಆಕಾಸಾ ಏರ್ ಸಂಸ್ಥೆಯು ತನ್ನ ಸಿಬ್ಬಂದಿಗೆ ಸ್ನೀಕರ್ಸ್ ನೀಡಿದುದು ಅಭಿನಂದನೀಯ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಉದ್ಯೋಗಸ್ಥಳದಲ್ಲಿ ಹೈಹೀಲ್ಸ್ ಕಡ್ಡಾಯಗೊಳಿಸುವುದನ್ನು 2017ರಲ್ಲಿಯೇ ನಿಷೇಧಿಸಿತು. ಜಪಾನಿನಲ್ಲಿ ಇಂತಹ ಕಡ್ಡಾಯದ ವಿರುದ್ಧ ಯೂಮಿ ಇಶಿಕಾವಾ ಎಂಬ ಮಹಿಳೆ 2019ರಲ್ಲಿ ಹೂಡಿದ ಚಳವಳಿಯ ತರುವಾಯ, ಜಪಾನ್ ಏರ್‌ಲೈನ್ಸ್ 2020ರಲ್ಲಿ ಹೈಹೀಲ್ಸ್ ನಿಯಮವನ್ನು ಕೈಬಿಟ್ಟಿತು.