ಸಾಲ ತೀರಿತು, ಸುದ್ದಿ ತೀರಲಿಲ್ಲ!

ದೀಪಾವಳಿ ಬಂತೆಂದರೆ ಪೇಟೆ ಬೀದಿಯಲ್ಲಿ ಹಳೇ ಲೆಕ್ಕದ ಪುಸ್ತಕ ಮುಚ್ಚಿ, ಹೊಸದಕ್ಕೆ ಅರಿಶಿನ-ಕುಂಕುಮ ಇಟ್ಟು ಪೂಜೆ ಮಾಡುವುದು ವಾಡಿಕೆ. ಉದ್ರಿ ತೀರಿಸಿದವನ ಹೆಸರಿನ ಮೇಲೆ ಗೀಟು ಬಿದ್ದರೆ ಅಲ್ಲಿಗೆ ಮುಗೀತು. ಮರುದಿನ ಅವನೇ ಬಂದು ಎರಡು ಕೆ.ಜಿ. ಸಕ್ಕರೆ ಕೇಳಿದರೆ, "ಹತ್ತು ವರ್ಷದ ಹಿಂದೆ ಬಾಕಿ ಇಟ್ಟಿದ್ದೆಯಲ್ಲಪ್ಪಾ" ಅಂತ ಯಾವ ಅಂಗಡಿಯವರೂ ಎತ್ತಿ ಆಡುವುದಿಲ್ಲ. ಆಡಿದರೆ ಗಿರಾಕಿ ಪಕ್ಕದಂಗಡಿ ಮೆಟ್ಟಿಲು ಹತ್ತುತ್ತಾನೆ!

ಈಗ ಇನ್ನೊಂದು ಪುಸ್ತಕ ಬಂದಿದೆ. ಎಲ್ಲರ ಜೇಬಿನಲ್ಲೂ ಇದೆ. ಇದಕ್ಕೆ ದೀಪಾವಳಿಯೂ ಇಲ್ಲ, ಗೀಟು ಹೊಡೆಯುವ ಯಜಮಾನನೂ ಇಲ್ಲ. ಹೆಸರು ಒತ್ತಿದರೆ ಸಾಕು, ಹದಿನೆಂಟನೇ ವಯಸ್ಸಿನಲ್ಲಿ ಬರೆದ ಕೆಟ್ಟ ಮಾತು, ಬಿದ್ದುಹೋದ ಮೊಕದ್ದಮೆ, ಕುಡಿದು ಕುಣಿದ ಫೋಟೋ ಎಲ್ಲವೂ ನಿನ್ನೆ ನಡೆದಂತೆ ಎದ್ದು ನಿಲ್ಲುತ್ತವೆ. ಹುಡುಗಿ ನೋಡಲು ಬರುವವರು ನೋಡ್ತಾರೆ. ಕೆಲಸ ಕೊಡುವವರು ನೋಡ್ತಾರೆ. ಬಾಡಿಗೆಗೆ ಮನೆ ಕೊಡುವವರೂ ನೋಡ್ತಾರೆ. ಹಿಂದೆಲ್ಲ ಊರು ಬಿಟ್ಟರೆ ಹಳೇ ಹೆಸರು ಹಿಂದೆಯೇ ಉಳಿಯುತ್ತಿತ್ತು. ಈಗ ಬಸ್ಸು ಇಳಿಯುವ ಮೊದಲೇ ಅದು ಹೊಸ ಊರು ಮುಟ್ಟಿರುತ್ತದೆ.

ಸ್ಪೇನಿನ ಒಬ್ಬ ಸಾಲಗಾರ

ಈ ಗೋಳು ಮೊದಲು ದೊಡ್ಡ ಕಟಕಟೆ ಹತ್ತಿದ್ದು ಸ್ಪೇನ್ ದೇಶದಿಂದ. ಅಲ್ಲಿನ ಮಾರಿಯೋ ಕೋಸ್ತೇಹಾ ಗೊನ್ಸಾಲೆಸ್ ಎಂಬ ಗೃಹಸ್ಥರು ಸರ್ಕಾರದ ಸಾಮಾಜಿಕ ಭದ್ರತೆಯ ಬಾಕಿ ಉಳಿಸಿಕೊಂಡಿದ್ದರು. ಅವರ ಆಸ್ತಿ ಹರಾಜಿನ ನೋಟೀಸು 1998ರಲ್ಲಿ 'ಲಾ ವಾನ್‌ಗಾರ್ಡಿಯಾ' ಪತ್ರಿಕೆಯಲ್ಲಿ ಅಚ್ಚಾಯಿತು. ಆ ವ್ಯವಹಾರ ಬಗೆಹರಿದು ಎಷ್ಟೋ ವರ್ಷವಾದರೂ ಗೂಗಲ್‌ನಲ್ಲಿ ಅವರ ಹೆಸರು ಹುಡುಕಿದರೆ ಬರುತ್ತಿದ್ದುದು ಆ ಹರಾಜಿನ ನೋಟೀಸೇ. ಕೋಸ್ತೇಹಾ 2010ರಲ್ಲಿ ದೂರು ಕೊಟ್ಟರು. ಯುರೋಪಿನ ನ್ಯಾಯಾಲಯ 2014ರ ಮೇ 13ರಂದು ತೀರ್ಪು ಹೇಳಿತು: ಪತ್ರಿಕೆಯ ಪುಟ ಪುಟದಲ್ಲೇ ಇರಲಿ, ಆದರೆ ಹೆಸರು ಹುಡುಕಿದಾಗ ಹಳಸಿದ, ಈಗ ಪ್ರಸ್ತುತವಲ್ಲದ ಸಂಗತಿಯ ಕೊಂಡಿಯನ್ನು ಗೂಗಲ್ ತೆಗೆಯಬೇಕು.

'ಮರೆತುಬಿಡಿ ಎನ್ನುವ ಹಕ್ಕು' ಪ್ರಪಂಚಕ್ಕೆ ಗೊತ್ತಾದದ್ದು ಹೀಗೆ. ತಮಾಷೆ ನೋಡಿ! ಮರೆತುಬಿಡಿ ಎಂದು ಗೆದ್ದ ಆ ಮಹಾಶಯರ ಹೆಸರು ಮತ್ತು ಸಾಲ ಎರಡೂ ಈಗ ಕಾನೂನು ಓದುವ ಹುಡುಗರಿಗೆಲ್ಲ ಪಾಠ! ಇನ್ನೊಂದು ಮಾತು. ಈ ಹಕ್ಕು ಯುರೋಪಿನ ಗಡಿಯೊಳಗೆ ಮಾತ್ರ ಎಂದು ಅದೇ ನ್ಯಾಯಾಲಯ 2019ರಲ್ಲಿ ಹೇಳಿತು. ಅಲ್ಲಿ ಮುಚ್ಚಿದ ಬಾಗಿಲು ಇಲ್ಲಿ ತೆರೆದೇ ಇರಬಹುದು.

ಹೈಕೋರ್ಟಿಗೆ ಹೋದ ಅಪ್ಪ

ನಮ್ಮ ರಾಜ್ಯದಲ್ಲೂ ಇಂಥದ್ದು ನಡೆದಿದೆ. ಒಬ್ಬ ಹೆಣ್ಣುಮಗಳು ಮದುವೆಯ ವಿಷಯದಲ್ಲಿ ಒಬ್ಬನ ಮೇಲೆ ಕೇಸು ಹಾಕಿದ್ದಳು. ಆಮೇಲೆ ಎರಡೂ ಕಡೆಯವರು ರಾಜಿಯಾದರು, ಕೇಸು ರದ್ದಾಯಿತು. ಆದರೆ ಆ ಆದೇಶದಲ್ಲಿ ಆಕೆಯ ಹೆಸರು ಉಳಿಯಿತು. ಹೆಸರು ಹುಡುಕಿದವರಿಗೆ ಆದೇಶ ಸಿಕ್ಕಿದರೆ ಮಗಳ ಸಂಸಾರದ ಗತಿ ಏನು, ನಾಲ್ಕು ಜನರ ನಡುವೆ ಮಾನ ಏನು ಎಂದು ಹೆದರಿದ ಅಪ್ಪ ಕರ್ನಾಟಕ ಹೈಕೋರ್ಟಿಗೇ ಹೋದರು.

2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ಆ ಅಪ್ಪನ ಮೊರೆ ಆಲಿಸಿದರು. ಇಂಟರ್ನೆಟ್‌ನಲ್ಲಿ ಹುಡುಕುವವರಿಗೆ ಆಕೆಯ ಹೆಸರು ಕಾಣದಂತೆ ನೋಡಿಕೊಳ್ಳಿ ಎಂದು ರಿಜಿಸ್ಟ್ರಿಗೆ ಹೇಳಿದರು. ಹೆಣ್ಣುಮಕ್ಕಳ ಮಾನದ ಪ್ರಶ್ನೆಯಿರುವ ಸೂಕ್ಷ್ಮ ಪ್ರಕರಣಗಳಲ್ಲಿ ಇಂಥ ಹಕ್ಕಿಗೆ ಬೆಲೆಯಿದೆ ಎಂದರು. ದೃಢೀಕೃತ ನಕಲಿನಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ. ದಾಖಲೆ ದಾಖಲೆಯಾಗಿಯೇ ಉಳಿಯಿತು, ಬೀದಿಯವರ ಕಣ್ಣಿಗೆ ಬೀಳುವುದು ತಪ್ಪಿತು.

ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಪೀಠದಲ್ಲಿದ್ದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು, ಮನುಷ್ಯ ಮರೆತರೂ ಇಂಟರ್ನೆಟ್ ಮರೆಯುವುದಿಲ್ಲ, ತಿದ್ದಿಕೊಂಡವನಿಗೆ ಹೊಸದಾಗಿ ಬಾಳಲು ಅವಕಾಶ ಬೇಕು ಎಂಬ ಅರ್ಥದ ಮಾತು ಬರೆದರು.

ಹಾಗಂತ ಎಲ್ಲವನ್ನೂ ಒರೆಸೋಣವೆ?

ಇಲ್ಲಿದೆ ತೊಡಕು. ಚೀಟಿ ಹಣ ನುಂಗಿ ಪರಾರಿಯಾದವನು ಹಳೇ ಸುದ್ದಿಯನ್ನೆಲ್ಲ ಒರೆಸಿಕೊಂಡು ಪಕ್ಕದ ತಾಲೂಕಿನಲ್ಲಿ ಹೊಸ ಬೋರ್ಡು ಹಾಕಿದರೆ? ಓಟು ಕೇಳಲು ಬರುವ ಪುಢಾರಿ ತನ್ನ ಮೇಲಿನ ಕೇಸಿನ ಕಥೆ ಮುಚ್ಚಿಸಿಬಿಟ್ಟರೆ? ಅಂಗಡಿ ಬಾಡಿಗೆಗೆ ಕೊಡುವವನಿಗೂ ಚೀಟಿ ಕಟ್ಟುವವನಿಗೂ ತಿಳಿಯುವ ಹಕ್ಕಿದೆ. ಊರಿಗೆ ಸಂಬಂಧಪಟ್ಟ ತಪ್ಪು ಬೇರೆ, ಒಬ್ಬರ ಬಾಳಿಗೆ ಮಾತ್ರ ಸಂಬಂಧಪಟ್ಟ ತಪ್ಪು ಬೇರೆ.

ನ್ಯಾಯಾಲಯಗಳಿಗೂ ಈ ಗೆರೆ ಎಳೆಯುವುದು ಸುಲಭವಾಗಿಲ್ಲ. ಅಮೆರಿಕದ ಪ್ರಜೆಯೊಬ್ಬರು ಇಲ್ಲಿ ಮಾದಕ ವಸ್ತು ಕೇಸಿನಲ್ಲಿ ಖುಲಾಸೆಯಾಗಿದ್ದರೂ ಆ ತೀರ್ಪು ಹುಡುಕಾಟದಲ್ಲಿ ಕಾಣುತ್ತಿದ್ದರಿಂದ ಕೆಲಸ ಸಿಗುತ್ತಿಲ್ಲ ಎಂದಾಗ, ದೆಹಲಿ ಹೈಕೋರ್ಟು 2021ರಲ್ಲಿ ಅವರ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು. ಖುಲಾಸೆಯಾದ ಇನ್ನೊಬ್ಬರ ತೀರ್ಪನ್ನು ಕಾನೂನು ಜಾಲತಾಣವೊಂದು ತೆಗೆಯಬೇಕೆಂದು ಮದ್ರಾಸ್ ಹೈಕೋರ್ಟು 2024ರ ಫೆಬ್ರವರಿಯಲ್ಲಿ ಹೇಳಿದರೆ, ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ತೀರ್ಪು ಅಂದರೆ ಸಾರ್ವಜನಿಕ ದಾಖಲೆ, ಅದನ್ನೇ ಕಿತ್ತು ಹಾಕಿದರೆ ಮುಂದೇನು ಎಂಬುದು ಅಲ್ಲಿ ಎದ್ದ ಪ್ರಶ್ನೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಒಪ್ಪಿಗೆ ಕೊಟ್ಟು ಒಪ್ಪಿಸಿದ ವಿವರವನ್ನು ತಿದ್ದಿಸುವ, ಅಳಿಸಿಸುವ ಹಕ್ಕು ಅದರಲ್ಲಿದೆ. 2025ರ ನವೆಂಬರಿನಲ್ಲಿ ನಿಯಮ ಹೊರಬಿದ್ದಾಗ ಮುಖ್ಯ ಕಲಮುಗಳಿಗೆ ಹದಿನೆಂಟು ತಿಂಗಳ ವಾಯಿದೆ ಇಟ್ಟರು. ಒಂದು ಕೊಕ್ಕೆಯೂ ಇದೆ. ತಾವೇ ಖುದ್ದಾಗಿ ಊರಿಗೆಲ್ಲ ಕಾಣುವಂತೆ ಹಾಕಿಕೊಂಡ ಮಾಹಿತಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ!

ಏನು ಮಾಡಬಹುದು?

ತಪ್ಪು ತಮ್ಮದೇ ಖಾತೆಯಲ್ಲಿದ್ದರೆ ಮೊದಲು ಅದನ್ನು ಅಳಿಸಬೇಕು. ಬೇರೆಯವರು ಹಾಕಿದ್ದರೆ ಅವರನ್ನೇ ಸಮಾಧಾನವಾಗಿ ಕೇಳಬೇಕು. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ, ಜಗಳಕ್ಕೆ ಹೋದರೆ ಮಾತ್ರ ಇನ್ನೂ ನೂರು ಜನ ನೋಡುತ್ತಾರೆ. ಮೂಲ ಪುಟ ಅಳಿದ ಮೇಲೂ ಗೂಗಲ್‌ನಲ್ಲಿ ಅದರ ನೆರಳು ಕಾಣುತ್ತಿದ್ದರೆ, ಹಳೆಯದನ್ನು ತೆಗೆಯಿರಿ ಎಂದು ಅಲ್ಲೇ ಅರ್ಜಿ ಹಾಕಲು ದಾರಿಯಿದೆ. ಫೋನ್ ನಂಬರು, ಮನೆ ವಿಳಾಸ ಕಾಣುತ್ತಿದ್ದರೂ ಅರ್ಜಿ ಕೊಡಬಹುದು. 2021ರ ಐಟಿ ನಿಯಮಗಳ ಪ್ರಕಾರ ಫೇಸ್‌ಬುಕ್, ಯೂಟ್ಯೂಬ್‌ನಂಥವರು ದೂರು ಕೇಳಲು ಅಧಿಕಾರಿಯನ್ನು ನೇಮಿಸಲೇಬೇಕು. ಗುಟ್ಟಿನ ಚಿತ್ರ ತೋರಿಸಿ ಯಾರಾದರೂ ದುಡ್ಡು ಕೇಳಿದರೆ ಒಂದು ಕಾಸೂ ಕೊಡಬೇಡಿ. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೆ 1930ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಅಳಿಯುತ್ತದೆಂಬ ಭರವಸೆ ಇಲ್ಲ. ಒಬ್ಬರ ಫೋನಿನಿಂದ ಹೋದದ್ದು ಇನ್ನೊಬ್ಬರ ಫೋನಿನಲ್ಲಿ ಉಳಿದಿರುತ್ತದೆ. 1996ರಿಂದ ಜಾಲದ ಪುಟಗಳ ನಕಲು ಎತ್ತಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನಂಥ ಉಗ್ರಾಣಗಳೂ ಇವೆ. ಅದಕ್ಕೇ ತಿಳಿದವರು ಹೇಳುವುದು: ಯಾರಾದರೂ ಕೇಳುವ ಮೊದಲೇ "ಹೌದು, ಹಿಂದೆ ಹೀಗಾಗಿತ್ತು, ಈಗ ಹೀಗಿದ್ದೇನೆ" ಅಂತ ಹೇಳಿಬಿಡುವುದು ವಾಸಿ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಹಳೇ ತಪ್ಪಿನ ಜೊತೆ ಹೊಸ ಸುಳ್ಳೂ ಸೇರುತ್ತದೆ.

ಫಾರ್ವರ್ಡ್ ಮಾಡುವ ಬೆರಳು

ಬೇರೆಯವರ ಮಾತು ಸಾಕು, ಪೇಟೆಯವರ ಮಾತಿಗೆ ಬರೋಣ. ಅಂಗಡಿಯಲ್ಲಿ ಒಬ್ಬ ಹುಡುಗ ಬಿಸ್ಕತ್ತಿನ ಪೊಟ್ಟಣ ಎತ್ತಿದ ಅಂತಿಟ್ಟುಕೊಳ್ಳಿ. ಸಿಸಿಟಿವಿಯ ತುಣುಕು ಅರ್ಧ ಗಂಟೆಯಲ್ಲಿ ವರ್ತಕರ ವಾಟ್ಸಾಪ್ ಗುಂಪಿಗೆ, ಅಲ್ಲಿಂದ ಊರಿಗೆ! ಬಸ್ಸಿನಲ್ಲಿ ಸೀಟಿಗಾಗಿ ಇಬ್ಬರು ಹೆಂಗಸರು ಜಗಳವಾಡಿದರೆ ಬಿಡಿಸುವವರಿಗಿಂತ ಫೋನ್ ಎತ್ತಿ ಹಿಡಿಯುವವರೇ ಹೆಚ್ಚು. ಪೊಟ್ಟಣದ ಬೆಲೆ ಹತ್ತು ರೂಪಾಯಿ. ಆ ಹುಡುಗ ಇಪ್ಪತ್ತೈದಾಗಿ ಕೆಲಸ ಕೇಳಲು ಹೋದಾಗ ತೆರುವ ಬೆಲೆ ಎಷ್ಟು?

ಕಾನೂನಿನ ಏಟೂ ಬೀಳಬಹುದು. ತನಿಖೆ ಅಥವಾ ವಿಚಾರಣೆಗೆ ಒಳಗಾದ 18 ವರ್ಷದೊಳಗಿನವರ ಹೆಸರು, ವಿಳಾಸ, ಶಾಲೆ, ಫೋಟೋ ಬಯಲು ಮಾಡುವುದನ್ನು ಬಾಲನ್ಯಾಯ ಕಾಯಿದೆಯ 74ನೇ ಕಲಮು ನಿಷೇಧಿಸಿದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬಿಸ್ಕತ್ತು ಕದ್ದವನಿಗಿಂತ ಹಂಚಿದವನಿಗೇ ಪೆಟ್ಟು ಜೋರಾಗಬಹುದು!

ಪತ್ರಿಕೆಗಳವರೂ ಯೋಚಿಸತೊಡಗಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಪತ್ರಿಕೆ 2018ರಿಂದ, 'ಬಾಸ್ಟನ್ ಗ್ಲೋಬ್' 2021ರಿಂದ, ಸಣ್ಣಪುಟ್ಟ ತಪ್ಪಿನ ಹಳೇ ಸುದ್ದಿಯಲ್ಲಿ ಸಿಕ್ಕಿಕೊಂಡವರ ಅರ್ಜಿ ಪಡೆದು, ಹೆಸರು ತೆಗೆಯಬೇಕೇ ಬೇಡವೇ ಎಂದು ಕೂತು ನಿರ್ಧರಿಸುವ ಏರ್ಪಾಡು ಮಾಡಿಕೊಂಡವು. ಅಧಿಕಾರದಲ್ಲಿರುವವರಿಗೆ ಒಂದು ತಕ್ಕಡಿ, ಬಡಪಾಯಿಗೆ ಇನ್ನೊಂದು. ಇದು ಸರಿಯಾದ ತೂಕವೇ.

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಗೂಗಲ್ ಮರೆಯಲಿ ಬಿಡಲಿ, ಎದುರಿಗೆ ಬಂದವನನ್ನು ಹತ್ತು ವರ್ಷದ ಹಿಂದಿನ ಫೋಟೋದಿಂದ ಅಳೆಯಬೇಕೋ, ಇವತ್ತು ಅವನು ಕೊಟ್ಟ ಮಾತು ಉಳಿಸಿಕೊಂಡದ್ದರಿಂದ ಅಳೆಯಬೇಕೋ ಎಂಬುದು ಇನ್ನೂ ಊರಿನವರ ಕೈಯಲ್ಲೇ ಇದೆ. ಅದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಾಗಿಲ್ಲ.