ಭತ್ತದ ಬೆಂಕಿ ರೋಗ ಮತ್ತೆ ಬರುವುದೇಕೆ?

ಮಕ್ಕಳೇ, ಭತ್ತದ ಎಲೆಗಳ ಮೇಲೆ ಕಣ್ಣಿನ ಆಕಾರದ ಚುಕ್ಕೆಗಳನ್ನು ನೋಡಿದ್ದೀರಾ? ನಡುವೆ ಬೂದು ಬಣ್ಣ, ಸುತ್ತ ಕಂದು ಅಂಚು. ಇದೇ ಬೆಂಕಿ ರೋಗ. ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಇದಕ್ಕೆ ಕಾರಣ ಮ್ಯಾಗ್ನಪೋರ್ತೆ ಒರೈಝೆ ಎಂಬ ಶಿಲೀಂಧ್ರ.

ರೋಗ ತಡೆಯುವ ತಳಿಗಳಿವೆ. ಆದರೆ ಅಂಥ ಕೆಲವು ತಳಿಗಳಿಗೂ ಕೆಲವೇ ವರ್ಷಗಳಲ್ಲಿ ರೋಗ ಬರತೊಡಗುತ್ತದೆ. ಏಕೆ?

ಶಿಲೀಂಧ್ರವು ಎಲೆಯೊಳಗೆ ಹೊಕ್ಕು ಕೆಲವು ಪ್ರೋಟೀನ್‌ಗಳನ್ನು ಬಿಡುತ್ತದೆ. ಅವನ್ನು ತಯಾರಿಸುವ ಸೂಚನೆಗಳು ಅದರ ಡಿ.ಎನ್.ಎ.ಯಲ್ಲಿವೆ. ಇವೇ ವಂಶವಾಹಿಗಳು. ರೋಗ ತಡೆಯುವ ತಳಿಯು ಅಂಥ ಒಂದು ಪ್ರೋಟೀನನ್ನು ಗುರುತು ಹಿಡಿಯುತ್ತದೆ. ಕೂಡಲೇ ಅಲ್ಲಿನ ಜೀವಕೋಶಗಳು ತಾವೇ ಸತ್ತು, ಶಿಲೀಂಧ್ರ ಮುಂದೆ ಹರಡದಂತೆ ತಡೆಯುತ್ತವೆ.

ಈ ಶಿಲೀಂಧ್ರದ ಡಿ.ಎನ್.ಎ. ಓದಿದ ವಿಜ್ಞಾನಿಗಳು 2005ರಲ್ಲಿ ಅದರ ವಿವರ ಪ್ರಕಟಿಸಿದರು. ಅದರಲ್ಲಿ ಸುಮಾರು 11,000 ವಂಶವಾಹಿಗಳಿವೆ. ಜಾಗ ಬದಲಿಸುತ್ತಾ ಜಿಗಿಯುವ ಡಿ.ಎನ್.ಎ. ತುಣುಕುಗಳೂ ಇವೆ. ಅಂಥ ತುಣುಕು ಆ ಪ್ರೋಟೀನಿನ ವಂಶವಾಹಿಯ ನಡುವೆ ಸೇರಿದರೆ ಸೂಚನೆ ಕೆಡುತ್ತದೆ. ಪ್ರೋಟೀನ್ ತಯಾರಾಗುವುದಿಲ್ಲ, ಭತ್ತಕ್ಕೆ ಗುರುತೂ ಸಿಗುವುದಿಲ್ಲ!

ಶಿಲೀಂಧ್ರವು ಯೋಚಿಸಿ ಹೀಗೆ ಮಾಡುತ್ತದೆಯೇ? ಇಲ್ಲ. ಬದಲಾವಣೆ ಆಕಸ್ಮಿಕ. ಸಿಕ್ಕಿಬಿದ್ದವು ಸಾಯುತ್ತವೆ, ತಪ್ಪಿಸಿಕೊಂಡವು ಉಳಿಯುತ್ತವೆ. ಅವುಗಳ ಸಾವಿರಾರು ಬೀಜಾಣುಗಳು ಗಾಳಿಯಲ್ಲಿ ಹಾರಿ ಗದ್ದೆಯನ್ನೆಲ್ಲ ಆವರಿಸುತ್ತವೆ. ಇದೇ ವಿಕಾಸ.

ಆದ್ದರಿಂದ ವಿಜ್ಞಾನಿಗಳು ಒಂದೇ ತಳಿಯಲ್ಲಿ ಒಂದಕ್ಕಿಂತ ಹೆಚ್ಚು ರೋಗನಿರೋಧಕ ವಂಶವಾಹಿಗಳನ್ನು ಸೇರಿಸುತ್ತಾರೆ. ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಬಾಸ್ಮತಿ 1847' ತಳಿಯಲ್ಲಿ ಬೆಂಕಿ ರೋಗದ ವಿರುದ್ಧ ಎರಡು ವಂಶವಾಹಿಗಳಿವೆ. ಒಂದರ ಕಣ್ಣು ತಪ್ಪಿಸಿದ ಶಿಲೀಂಧ್ರ ಇನ್ನೊಂದಕ್ಕೆ ಸಿಕ್ಕಿಬೀಳಬಹುದು.

ಮಾಡಿ ನೋಡಿ: ಹತ್ತಿರದ ಗದ್ದೆಯಲ್ಲಿ ಇಂಥ ಚುಕ್ಕೆ ಕಂಡರೆ ಅದರ ಚಿತ್ರ ಬರೆಯಿರಿ. ತಳಿಯ ಹೆಸರನ್ನು ರೈತರಿಂದ ಕೇಳಿ ಬರೆದಿಡಿ.