ಹುಲಿಯ ಸಹಿ ಅದರ ಮಗ್ಗುಲಲ್ಲಿ

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸಫಾರಿಯಲ್ಲಿ ಮುಂಬಯಿಗರು ಕಾಣುವ ಹುಲಿ ಬೇಲಿಯೊಳಗಿನದ್ದು. ಕಾಡಿನ ಹುಲಿಯ ಫೋಟೊ ತೆಗೆಯಬೇಕೆಂದು ರಜೆಯಲ್ಲಿ ಊರಿಗೆ ಹೋದಾಗ ನಾಗರಹೊಳೆಗೂ ಹೋಗಿದ್ದೆ. ಹುಲಿ ಕಂಡಿತು, ಮುಖ ಸಿಗಲಿಲ್ಲ. ಸಿಕ್ಕಿದ್ದು ಎಡಮಗ್ಗುಲು ಮಾತ್ರ. ಸಹೋದ್ಯೋಗಿಗಳು ನಕ್ಕರು.

ಆದರೆ ಹುಲಿಯ ಗುರುತು ಇರುವುದೇ ಅಲ್ಲಿ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಕಡಲತೀರದ ಭಾರ್ಗವ ಡಾ. ಶಿವರಾಮ ಕಾರಂತರ ಪುತ್ರ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳಿಂದಲೇ ಹುಲಿಗಳ ಸಂಖ್ಯೆ ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. 2022ರ ಗಣತಿಯಂತೆ ಕರ್ನಾಟಕದಲ್ಲಿರುವ ಹುಲಿಗಳು ಅಂದಾಜು 563.

ಬ್ಯಾಂಕಿನಲ್ಲಿ ನಾವು ಚೆಕ್ ಪಾಸು ಮಾಡುವುದು ಮುಖ ನೋಡಿ ಅಲ್ಲ, ಸಹಿ ನೋಡಿ. ಸಫಾರಿಗೆ ಹೋಗುವ ಬಂಧುಗಳೇ, ಮುಖದ ಆಸೆಗೆ ಜೀಪನ್ನು ಹತ್ತಿರ ಒಯ್ಯೆಂದು ಚಾಲಕನನ್ನು ಕಾಡಬೇಡಿ. ದೂರದಿಂದ ಮಗ್ಗುಲು ಸಿಕ್ಕರೂ ಹುಲಿ ಸಿಕ್ಕಂತೆಯೇ.